ನದಿಯ ನಡುವಿನ ಬೀದಿದೀಪ

ಕನ್ನಡದ ಅಧ್ಯಾಪಕನೊಬ್ಬ ಬಂದರಿನ ಆಡಳಿತದ ವಿಚಾರ ಮಾತನಾಡಹೊರಟರೆ ಕೇಳುವವರಿಗೆ ಅನುಮಾನ ಬರುವುದು ಸಹಜ. ಆ ಅನುಮಾನವನ್ನು ಮೊದಲೇ ಪರಿಹರಿಸಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಉಡುಪಿಗೂ ಹೊನ್ನಾವರಕ್ಕೂ ನಡುವೆ, ನದಿಯೊಂದು ಕಡಲನ್ನು ಸೇರುವ ಅಳಿವೆಯ ದಡದಲ್ಲಿ. ಊರಿನ ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ನಾನು ಹೇಳಲಿರುವ ಸಂಗತಿ ಆ ಕರಾವಳಿಯ ಯಾವ ಊರಿನಲ್ಲಿಯಾದರೂ ನಡೆಯಬಹುದಾದದ್ದು. ಮೂವತ್ತೈದು ವರ್ಷ ಹಳಗನ್ನಡ ಪಾಠ ಹೇಳಿ 2018ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದವನಿಗೆ ಸರಕಾರಿ ಗದ್ಯವನ್ನು ಓದುವ ಯೋಗ ಒದಗಿಬಂತು. ಪಂಪ ರನ್ನರಿಗಿಂತ ಅದು ಕಠಿಣವಾದ ಗದ್ಯ, ಟೀಕಾಕಾರರಿಲ್ಲದ ಗದ್ಯ.

ಮೊದಲು ಮಾತಿನಿಂದಲೇ ಆರಂಭಿಸೋಣ. 'ಬಂದರು' ಎಂಬುದು ಪಾರಸಿಯಿಂದ ಬಂದ ಶಬ್ದ. 'ಲಂಗರು' ಸಹ ಅಲ್ಲಿಂದಲೇ. 'ಸುಂಕ' ಸಂಸ್ಕೃತದ ಶುಲ್ಕ. ಈಚೆಗಿನ ಬೋಟು, ಜೆಟ್ಟಿ, ಟ್ರಾಲರುಗಳ ಮಾತಂತೂ ಹೇಳಬೇಕಾದ್ದಿಲ್ಲ. ಹಡಗಿನೊಡನೆ ಸರಕು ಇಳಿದ ಹಾಗೆ ಶಬ್ದಗಳೂ ಇಳಿದಿವೆ. ಆದರೆ ನದಿ ಕಡಲನ್ನು ಸೇರುವ ಬಾಯಿಗೆ ನಾವು ಇಟ್ಟುಕೊಂಡಿರುವ 'ಅಳಿವೆ' ಎಂಬ ಹೆಸರು ಮಾತ್ರ ದ್ರಾವಿಡದ ಸ್ವಂತ ಸೊತ್ತು. ಬಂದರಿಗೆ ಯಾರು ಯಾರೋ ಒಡೆಯರಾದರು. ಅಳಿವೆ ಊರಿನವರದಾಗಿಯೇ ಉಳಿಯಿತು. ಇದನ್ನು ನಾನು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ಇಂದಿನ ಕಾನೂನಿನ ತೊಡಕೆಲ್ಲ ಇಲ್ಲಿಯೇ ಇದೆ.

ನನ್ನ ಬಾಲ್ಯದಲ್ಲಿ ನಮ್ಮ ಊರಿನ ಬಂದರೆಂದರೆ ಒಂದು ಕಲ್ಲಿನ ಧಕ್ಕೆ, ಒಂದು ಹೆಂಚಿನ ಮಾಡಿನ ಕಚೇರಿ, ಕಚೇರಿಯ ಮುಂದೊಂದು ಎತ್ತರದ ಕಂಬ. ಬಿರುಗಾಳಿಯ ಸೂಚನೆ ಬಂದಾಗ ಆ ಕಂಬಕ್ಕೆ ಹಗಲಿನಲ್ಲಿ ಕಪ್ಪು ಶಂಕುಗಳನ್ನೂ ರಾತ್ರಿಯಲ್ಲಿ ಕೆಂಪು ಬಿಳಿ ದೀಪಗಳನ್ನೂ ಏರಿಸುತ್ತಿದ್ದರು. ಅಕ್ಷರ ಬಾರದ ನಮ್ಮ ನೆರೆಯ ಮುದುಕಿ ಕೂಡ ಕಂಬದ ಕಡೆ ಒಮ್ಮೆ ನೋಡಿ 'ಮೂರನೇ ನಂಬ್ರ' ಎಂದು ಓದಬಲ್ಲವಳಾಗಿದ್ದಳು. ಮಂಜಿಗಳು ಹೆಂಚು, ಅಕ್ಕಿ, ಕಟ್ಟಿಗೆ ಹೇರಿಕೊಂಡು ಬಡಗಣದ ಕಡೆ ಹೋಗುತ್ತಿದ್ದ ಕೊನೆಯ ದಿನಗಳವು. ಹೆದ್ದಾರಿಗೆ ಸೇತುವೆಗಳು ಬಂದಂತೆ ಲಾರಿ ಮಂಜಿಯ ಕೆಲಸವನ್ನು ಕಸಿದುಕೊಂಡಿತು. ಬಂದರು ಸರಕಿನಿಂದ ಮೀನಿಗೆ ತಿರುಗಿತು. ಕಚೇರಿ ಹಾಗೆಯೇ ಉಳಿಯಿತು; ಅದರ ಮುಂದೆ ನಡೆಯುವ ಬದುಕು ಬೇರೆಯಾಯಿತು.

ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಷ್ಟರಲ್ಲಿ ಪಣಂಬೂರಿನ ನವಮಂಗಳೂರು ಬಂದರೊಂದೇ ಕೇಂದ್ರ ಸರಕಾರಕ್ಕೆ ಸೇರಿದ 'ಪ್ರಧಾನ ಬಂದರು'. 1974ರಲ್ಲಿ ಅದು ಹಾಗೆ ಘೋಷಿತವಾಯಿತು. ಉಳಿದ ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಹಳೆಯ ಮಂಗಳೂರು ಮೊದಲಾದವು ಕಾನೂನಿನ ಭಾಷೆಯಲ್ಲಿ ಕಿರುಬಂದರುಗಳು. ಕಿರಿದೆಂದರೆ ಅಳತೆಯಲ್ಲಿ ಕಿರಿದೆಂದಲ್ಲ, ಅಧಿಕಾರದ ಮೆಟ್ಟಿಲಿನಲ್ಲಿ ಕಿರಿದು ಎಂದರ್ಥ. ಮಲ್ಪೆಯ ಧಕ್ಕೆಯಲ್ಲಿ ಮುಂಜಾನೆ ನಿಂತು ನೋಡಿದವರು ಅದನ್ನು ಕಿರಿದೆನ್ನಲಾರರು.

ಈ ಬಂದರುಗಳ ಒಡೆತನದ ಚರಿತ್ರೆ ವಿಚಿತ್ರವಾಗಿದೆ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಒಡೆದು ಬಡಗಣ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿಗೆ ಕಾರವಾರದ ಬಂದರು ಬೇಕೆಂಬ ಮುಂಬಯಿಯ ವರ್ತಕರ ಆಸೆ ಅದರ ಹಿಂದಿತ್ತು. ಅಂದಿನಿಂದ ಹೊನ್ನಾವರ, ಕುಮಟೆಗಳ ಧಕ್ಕೆಯ ಕೂಲಿ ಮುಂಬಯಿಯ 1882ರ ಕಾಯಿದೆಯಂತೆ. ಗಂಗೊಳ್ಳಿ, ಮಲ್ಪೆಗಳದು ಮದರಾಸಿನ 1885ರ ಕಾಯಿದೆಯಂತೆ. ಒಂದೇ ಗಾಳಿ, ಒಂದೇ ಅಲೆ, ಒಂದೇ ಮೀನು. ರಶೀತಿ ಮಾತ್ರ ಎರಡು ಬಗೆ. 1956ರಲ್ಲಿ ರಾಜ್ಯ ಒಂದಾದ ಮೇಲೆ 1961ರಲ್ಲಿ ಈ ಶುಲ್ಕಗಳಿಗೆ ಒಂದೇ ಕಾಯಿದೆ ಬಂತು. ಇವೆಲ್ಲಕ್ಕೂ ಮೇಲೆ ಇಡೀ ದೇಶಕ್ಕೆ ಅನ್ವಯಿಸುತ್ತಿದ್ದದ್ದು 1908ರ ಭಾರತೀಯ ಬಂದರುಗಳ ಕಾಯಿದೆ. ನೂರಹದಿನೇಳು ವರ್ಷ ಅದು ನಡೆಯಿತು. 2025ರಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯಿದೆಯನ್ನು ಅಂಗೀಕರಿಸಿತು.

ಆ ಹಳೆಯ ಕಾಯಿದೆಯನ್ನು ನಾನು ಓದಬೇಕಾಗಿ ಬಂದದ್ದು ಒಂದು ಸಾವಿನ ದೆಸೆಯಿಂದ.

2019ರ ಆಗಸ್ಟು. ಪಡುಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅರುವತ್ತೊಂದು ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಿಷೇಧ ಮುಗಿದ ಮೊದಲ ವಾರದಲ್ಲಿ ದೊಡ್ಡ ದೋಣಿಯೊಂದು ಅಳಿವೆಯಿಂದ ಒಳಗೆ ಬರುವಾಗ ಮರಳದಿಣ್ಣೆಗೆ ತಾಗಿ ಒಡೆದು ಕಾಲುವೆಯ ನಡುವೆಯೇ ಕುಳಿತುಬಿಟ್ಟಿತು. ಅದರಲ್ಲಿದ್ದವರೆಲ್ಲರೂ ಬದುಕಿದರು. ಇಂಜಿನನ್ನೂ ಬಲೆಯನ್ನೂ ಬಿಚ್ಚಿ ತಂದರು. ದೋಣಿಯ ಒಡಲು ಅಲ್ಲಿಯೇ ಉಳಿಯಿತು. ಇಳಿತದಲ್ಲಿ ಅದರ ಮೂತಿ ಕಾಣುತ್ತಿತ್ತು. ಭರತದಲ್ಲಿ ಒಂದು ಮೊಳ ನೀರಿನ ಕೆಳಗೆ. ಮೂರು ವಾರದ ಮೇಲೆ ಒಂದು ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಮೂವರಿದ್ದ ನಾಡದೋಣಿಯೊಂದು ಭರತದಲ್ಲಿ ಹೊರಟು ಆ ಒಡಲಿಗೆ ಬಡಿಯಿತು. ಇಬ್ಬರು ಈಜಿ ದಡ ಸೇರಿದರು. ಮೂರನೆಯವನು ಇಪ್ಪತ್ತನಾಲ್ಕು ವರ್ಷದ ಹುಡುಗ. ಅವನ ಅಕ್ಕ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಎರಡು ದಿನದ ಮೇಲೆ ಅವನು ಸಿಕ್ಕಿದ್ದು ಎರಡು ಮೈಲಿ ತೆಂಕಣಕ್ಕೆ, ಕಡಲಕರೆಯಲ್ಲಿ.

ಅವಳು ನನ್ನ ಮನೆಗೆ ಬಂದು ಕೇಳಿದ ಪ್ರಶ್ನೆ ಒಂದೇ: "ಸರ್, ಆ ಮುಳುಗಿದ ದೋಣಿಯನ್ನು ತೆಗೆಸಬೇಕಾಗಿದ್ದವರು ಯಾರು?"

ಇದಕ್ಕೆ ಉತ್ತರ ಅರ್ಧ ಗಂಟೆಯಲ್ಲಿ ಸಿಗುತ್ತದೆಂದು ನಾನು ಎಣಿಸಿದ್ದೆ. ಮೂರು ಕಚೇರಿಗೆ ಹೋದೆ. ಮೀನುಗಾರಿಕೆಯವರು, 'ಧಕ್ಕೆ ನಮ್ಮದು, ಹರಾಜಿನ ಕಟ್ಟೆ ನಮ್ಮದು, ಕಾಲುವೆ ಬಂದರಿನವರದು' ಎಂದರು. ಬಂದರಿನವರು, 'ಕಾಲುವೆ ನಮ್ಮದು ಹೌದು, ಮೇಲಕ್ಕೆ ಬರೆದಿದ್ದೇವೆ, ಹಣ ಮಂಜೂರಾಗಬೇಕು' ಎಂದರು. ಪಂಚಾಯತಿಗೆ ಹೋದೆ. ಅಧ್ಯಕ್ಷೆ ಹಿಂದೆ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. ನನ್ನ ತಾಯಿಗೆ ಪರಿಚಿತೆ. "ನಮ್ಮ್ ಪುಸ್ತಕದಗೆ ಅದ್ಕ್ ಕಾಲಮ್ಮೇ ಇಲ್ಲ ಮಾಷ್ಟ್ರೇ" ಎಂದರು. ಅಸಡ್ಡೆಯಿಂದ ಹೇಳಿದ್ದಲ್ಲ. ಸತ್ತ ಹುಡುಗನ ಮನೆಯಲ್ಲಿ ಹದಿಮೂರು ದಿನವೂ ಅಡುಗೆಗೆ ನಿಂತವರು ಅವರೇ.

ಮೂವರೂ ಹೇಳಿದ್ದು ನಿಜ. ಈ ನಿಜವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆಯಷ್ಟೆ. ಪ್ರಧಾನ ಬಂದರುಗಳು ಕೇಂದ್ರ ಪಟ್ಟಿಯ 27ನೆಯ ಬಾಬು. ಉಳಿದ ಬಂದರುಗಳು ಸಮವರ್ತಿ ಪಟ್ಟಿಯ 31ನೆಯದು. ಎಂದರೆ ರಾಜ್ಯ ನಡೆಸಬೇಕು, ಸಂಸತ್ತಿನ ಮಾತು ಮೇಲಾಗಬೇಕು. ಮೀನುಗಾರಿಕೆ ರಾಜ್ಯ ಪಟ್ಟಿಯ 21ನೆಯದು. ಆದರೆ ರಾಷ್ಟ್ರದ ಜಲಸೀಮೆಯ ಆಚೆಗೆ ಹಿಡಿಯುವ ಮೀನು ಮತ್ತೆ ಕೇಂದ್ರಕ್ಕೆ. ಸ್ಥಳೀಯ ಸರಕಾರ, ಕಡವು ಇವೂ ರಾಜ್ಯ ಪಟ್ಟಿಯವು. ಈಗ ನಮ್ಮ ಊರಿನ ದೋಣಿಯೊಂದರ ಒಂದು ದಿನವನ್ನು ಊಹಿಸಿಕೊಳ್ಳಿ. ಪಂಚಾಯತಿನ ದಾರಿಯಲ್ಲಿ ಅದಕ್ಕೆ ಮಂಜುಗಡ್ಡೆ ಬರುತ್ತದೆ. ಮೀನುಗಾರಿಕೆಯ ಧಕ್ಕೆಯಿಂದ ಅದು ಹಗ್ಗ ಬಿಚ್ಚುತ್ತದೆ. ಬಂದರಿನ ಕಾಲುವೆಯಲ್ಲಿ ಹೋಗುತ್ತದೆ. ಕರಾವಳಿ ಕಾವಲು ಪೊಲೀಸರಿಗೆ ಚೀಟಿ ತೋರಿಸುತ್ತದೆ. ಹನ್ನೆರಡು ನಾವಿಕ ಮೈಲಿಯವರೆಗೆ ರಾಜ್ಯದ ಮೀನನ್ನೂ ಅಲ್ಲಿಂದಾಚೆಗೆ ಭಾರತದ ಮೀನನ್ನೂ ಹಿಡಿದು ಬರುತ್ತದೆ. ತೊಳೆದ ಕೊಳೆನೀರು ದಡಕ್ಕೆ ಹರಿದಾಗ ಮತ್ತೆ ಪಂಚಾಯತಿನ ನೈರ್ಮಲ್ಯದ ಬಾಬಿಗೆ ಬಂದು ಮುಟ್ಟುತ್ತದೆ. ದೋಣಿಗೆ ಇದೊಂದೂ ತಿಳಿಯದು. ದೋಣಿ ಮುಳುಗಿದಾಗ ಮಾತ್ರ ಅದು ಮುಳುಗಿದ ಸ್ಥಳ ಯಾರದೆಂಬ ಪ್ರಶ್ನೆ ಏಳುತ್ತದೆ.

ಪಂಚಾಯತುಗಳಿಗೆ ಅಧಿಕಾರ ಬಂದೇ ಇಲ್ಲವೆನ್ನಲಾಗದು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ರಾಜ್ಯ. 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತು, ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆದಾಗ ನಾನು ಎಳೆಯ ಉಪನ್ಯಾಸಕ. ಮತಗಟ್ಟೆಯ ಕೆಲಸಕ್ಕೆ ಹೋಗಿದ್ದೆ. ಅಬ್ದುಲ್ ನಜೀರ್ ಸಾಬರ ಹೆಸರು ಹಳ್ಳಿಯ ಕೊಳವೆಬಾವಿಯ ಬಳಿಯಲ್ಲಿ ಕೇಳಿಬರುತ್ತಿದ್ದ ಕಾಲ. ಆಮೇಲೆ ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಹನ್ನೊಂದನೆಯ ಅನುಸೂಚಿಯೆಂದು ಇಪ್ಪತ್ತೊಂಬತ್ತು ವಿಷಯಗಳ ಪಟ್ಟಿಯನ್ನು ಕೊಟ್ಟಿತು. ಅದರಲ್ಲಿ ಐದನೆಯದು ಮೀನುಗಾರಿಕೆ. ಹದಿಮೂರನೆಯದು ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗ. ಬಂದರು ಎಂಬ ಮಾತು ಮಾತ್ರ ಇಪ್ಪತ್ತೊಂಬತ್ತರಲ್ಲಿ ಎಲ್ಲಿಯೂ ಇಲ್ಲ. ಮೀನು ಪಂಚಾಯತಿನದಾಗಬಹುದು, ನೀರಿನ ದಾರಿ ಪಂಚಾಯತಿನದಾಗಬಹುದು, ಅವೆರಡೂ ಕೂಡುವ ಜಾಗ ಮಾತ್ರ ಆಗದು. ಪಟ್ಟಿ ಬರೆದವರು ಬಯಲುಸೀಮೆಯ ಹಳ್ಳಿಯನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರೇನೋ.

ಇನ್ನು 1908ರ ಕಾಯಿದೆ. ಅದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು; ಕಾಯಿದೆ ಕೆಟ್ಟದ್ದಾಗಿರಲಿಲ್ಲ. ಪ್ರತಿ ಬಂದರಿಗೂ ಒಬ್ಬ ಸಂರಕ್ಷಣಾಧಿಕಾರಿ ಇರಬೇಕು ಎಂದು ಅದರ ಏಳನೆಯ ವಿಧಿ ಹೇಳಿತ್ತು. ಹದಿನಾಲ್ಕನೆಯ ವಿಧಿ ಮುಳುಗಿದ ಹಡಗಿನದು: ಸಂಚಾರಕ್ಕೆ ಅಡ್ಡಿಯಾಗಿ ಮುಳುಗಿದ್ದರೆ ಅಧಿಕಾರಿಯು ಒಡೆಯನಿಗೆ ಅವಧಿ ಕೊಟ್ಟು ನೋಟೀಸು ಕೊಡಬೇಕು, ಅವನು ಎತ್ತದಿದ್ದರೆ ತಾನೇ ಎತ್ತಿಸಬಹುದು, ಇಲ್ಲವೇ ಒಡೆಸಬಹುದು, ಖರ್ಚನ್ನು ವಸೂಲು ಮಾಡಬಹುದು. ಇಪ್ಪತ್ತೊಂದನೆಯದು ಬಂದರಿನಲ್ಲಿ ಕಸ, ಕಲ್ಲು ಸುರಿಯುವುದನ್ನು ನಿಷೇಧಿಸಿತ್ತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂವತ್ತಾರನೆಯ ವಿಧಿ. ಪ್ರತಿಯೊಂದು ಬಂದರಿಗೂ ಪ್ರತ್ಯೇಕವಾದ 'ಬಂದರು ನಿಧಿ'ಯ ಲೆಕ್ಕವನ್ನು ಇಡಬೇಕು; ಪ್ರತಿವರ್ಷ ಏಪ್ರಿಲ್ ಮೊದಲನೆಯ ತಾರೀಖು ಕಳೆದೊಡನೆ ಸಾಧ್ಯವಾದಷ್ಟು ಬೇಗ ಹಿಂದಿನ ವರ್ಷದ ಆಯವ್ಯಯದ ಸಾರಾಂಶವನ್ನು ಪ್ರಕಟಿಸಬೇಕು ಎಂದಿತ್ತು. ಪರಕೀಯ ಸರಕಾರ ಮಾಡಿದ ಕಾಯಿದೆ ಇದು. ಬಂದ ಹಣವೆಷ್ಟು, ಹೂಳೆತ್ತಲು ಹೋದದ್ದೆಷ್ಟು, ದೀಪಕ್ಕೆ ಹೋದದ್ದೆಷ್ಟು ಎಂಬುದನ್ನು ಬಂದರಿನ ಜನ ಓದಬಲ್ಲಂತೆ ಹೊರಗಿಡಬೇಕೆಂಬ ವಿವೇಕ ಅದಕ್ಕಿತ್ತು. ನನ್ನ ಅರುವತ್ತು ವರ್ಷದ ಬದುಕಿನಲ್ಲಿ ಅಂಥ ಹಾಳೆಯೊಂದನ್ನು ಊರಿನ ಯಾವ ಗೋಡೆಯಲ್ಲಿಯೂ ಕಂಡ ನೆನಪು ನನಗಿಲ್ಲ.

ಮಾಹಿತಿ ಹಕ್ಕಿನ ಕಾಯಿದೆಯಡಿ ಐದು ವರ್ಷದ ಸಾರಾಂಶವನ್ನು ಕೇಳಿ ಅರ್ಜಿ ಹಾಕಿದೆ. 'ಕೋರಿರುವ ಮಾಹಿತಿಯು ಕ್ರೋಡೀಕೃತ ರೂಪದಲ್ಲಿ ಲಭ್ಯವಿರುವುದಿಲ್ಲ' ಎಂಬ ಉತ್ತರ ಬಂತು. ಕ್ರೋಡೀಕೃತ! ಕ್ರೋಡವೆಂದರೆ ಮಡಿಲು ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಡಿಲಿಗೆ ಎತ್ತಿಕೊಳ್ಳುವವರಿಲ್ಲದ ಲೆಕ್ಕ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಕಚೇರಿಯಲ್ಲಿ ಕುಳಿತವರು ದುಷ್ಟರಲ್ಲ. ಕಚೇರಿಯಲ್ಲಿ ಇದ್ದದ್ದು ಇಬ್ಬರು ನೌಕರರು. ಒಬ್ಬರಿಗೆ ಬೇರೊಂದು ಬಂದರಿನ ಹೆಚ್ಚುವರಿ ಹೊಣೆ. ನಿರ್ಧಾರಗಳೆಲ್ಲ ಕಾರವಾರದಲ್ಲಿಯೋ ಬೆಂಗಳೂರಿನಲ್ಲಿಯೋ ಆಗಬೇಕು. ಬಂದರು ಇಲಾಖೆಯ ಕೆಲಸವನ್ನು ವಹಿಸಿಕೊಳ್ಳಲೆಂದು 2015ರ ಕಾಯಿದೆಯಿಂದ ಕರ್ನಾಟಕ ಜಲಸಾರಿಗೆ ಮಂಡಳಿ ಹುಟ್ಟಿತು. ಬಂಡವಾಳ ತರುವುದಕ್ಕೆ, ದೊಡ್ಡ ಯೋಜನೆಗಳಿಗೆ ಇಂಥ ಮಂಡಳಿ ಅನುಕೂಲವೇ ಸರಿ. ಆದರೆ ಅಳಿವೆಯ ಮರಳು ಮಂಡಳಿಯ ಸಭೆಗಾಗಿ ಕಾಯುವುದಿಲ್ಲ. ನಮ್ಮ ಊರಿನಲ್ಲಿ ಎಂಬತ್ತು ದಾಟಿದ ತಂಡೇಲರೊಬ್ಬರಿದ್ದಾರೆ. ಮಂಜಿಯ ಕಾಲವನ್ನು ಕಂಡವರು. ಅವರು ಒಂದು ಸಂಜೆ ಹೇಳಿದ ಮಾತಿದು: "ಅಳ್ವಿ ಪ್ರತಿ ಮಳ್ಗಾಲಕ್ಕೂ ಜಾಗ ಬದ್ಲ್ಸತ್ತ್ ಮಾಷ್ಟ್ರೇ. ಫೈಲ್ ಮಾತ್ರ ಕೂಕಂಡಲ್ಲೇ ಇರತ್ತ್."

ನೋಡುವ ಕಣ್ಣು ಹತ್ತಿರದಲ್ಲಿದ್ದು, ಕೇಳುವ ಹಕ್ಕು ಅದಕ್ಕಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅಳಿವೆಯ ಕತೆಗಿಂತ ಬಹಳ ದೊಡ್ಡ ನಿದರ್ಶನ ಅಂಕೋಲೆ ತಾಲೂಕಿನ ಬೇಲೆಕೇರಿಯದು. ಬಳ್ಳಾರಿಯ ಕಡೆಯ ಕಬ್ಬಿಣದ ಅದಿರು ಆ ಕಿರುಬಂದರಿನಿಂದ ಪರದೇಶಕ್ಕೆ ಹೋಗುತ್ತಿತ್ತು. 2010ರ ಮಾರ್ಚಿಯಲ್ಲಿ ಅಕ್ರಮವೆಂದು ಅರಣ್ಯ ಇಲಾಖೆಯವರು ಅಲ್ಲಿ ಸುಮಾರು ಐದು ಲಕ್ಷ ಟನ್ನು ಅದಿರನ್ನು ಮುಟ್ಟುಗೋಲು ಹಾಕಿದರು. ಜೂನ್ ತಿಂಗಳಿಗೆ ನೋಡಿದರೆ ಅದರ ಬಹುಭಾಗ ಅಲ್ಲಿರಲಿಲ್ಲ, ಹಡಗೇರಿ ಹೋಗಿತ್ತು. ಈ ಪ್ರಕರಣದ ಬಿಸಿಯಲ್ಲಿಯೇ ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ಟದ್ದು, ಆಮೇಲೆ ಹಿಂದೆಗೆದುಕೊಂಡದ್ದು, 2011ರ ಜುಲೈಯಲ್ಲಿ ಅವರ ವರದಿ ಬಂದದ್ದು ನಿಮಗೆಲ್ಲ ತಿಳಿದದ್ದೇ. 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯವು ಒಬ್ಬ ಶಾಸಕರನ್ನೂ ಆ ಬಂದರಿನ ಅಂದಿನ ಸಂರಕ್ಷಣಾಧಿಕಾರಿಯನ್ನೂ ಇನ್ನೂ ಕೆಲವರನ್ನೂ ತಪ್ಪಿತಸ್ಥರೆಂದಿತು. ಮುಂದಿನ ತಿಂಗಳು ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪರಾಧ ಯಾರದೆಂಬ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು; ನನ್ನ ಕುತೂಹಲ ಬೇರೆಯದು. ಒಂದು ಲಾರಿಗೆ ಹತ್ತು ಟನ್ನೆಂದು ಹಿಡಿಯಿರಿ. ಐದು ಲಕ್ಷ ಟನ್ನು ಆ ಊರಿಗೆ ಬಂದು ಬೀಳಬೇಕಾದರೆ ಐವತ್ತು ಸಾವಿರ ಲಾರಿ ಊರ ದಾರಿಯಲ್ಲಿ ಹಾದುಬರಬೇಕು. ಹಿತ್ತಿಲಿನ ಬಾಳೆಯೆಲೆಯ ಮೇಲೆ ಕೂತ ಕೆಂಧೂಳನ್ನು ಒರೆಸಿ ಅನ್ನ ಬಡಿಸಿದ ಹೆಂಗಸರಿಗೆ ರಾಜ್ಯದ ಯಾವ ತನಿಖಾಧಿಕಾರಿಗಿಂತಲೂ ಮೊದಲು ಲೆಕ್ಕ ತಿಳಿದಿತ್ತು. ದಾಸ್ತಾನು ಕರಗುತ್ತಿರುವುದೂ ಅವರಿಗೆ ಕಂಡಿರಬೇಕು. ಆದರೆ ಬಂದರಿನ ದಾಸ್ತಾನಿನ ಪುಸ್ತಕವನ್ನು ತರಿಸಿ ನೋಡುವ ಅಧಿಕಾರ ಗ್ರಾಮಸಭೆಗೆ ಇರಲಿಲ್ಲ. ಆದ್ದರಿಂದ ಯಾರೂ ಅವರನ್ನು ಕೇಳಲಿಲ್ಲ.

ಹಾಗೆಂದು ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವ ಪೈಕಿಯವನು ನಾನಲ್ಲ. ಆದರೂ ಕನ್ನಡ ಶಾಸನಗಳನ್ನು ಓದಿಸಿದವನಾದ್ದರಿಂದ ಒಂದು ಮಾತನ್ನು ನೆನೆಯದಿರಲಾರೆ. ವಾರಾಹಿ ನದಿಯ ದಡದ ಬಸರೂರು ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಊರು. ಪೋರ್ಚುಗೀಸರು ಅಲ್ಲಿಂದ ಅಕ್ಕಿ ಒಯ್ದರು. 1665ರಲ್ಲಿ ಶಿವಾಜಿ ಕಡಲಹಾದಿಯಿಂದ ಬಂದು ಆ ಊರನ್ನು ಕೊಳ್ಳೆ ಹೊಡೆದ. ಅಷ್ಟು ಹಣ ಅಲ್ಲಿತ್ತು. ವಿಜಯನಗರದ ಕಾಲದ ಶಾಸನಗಳಲ್ಲಿ ಈ ಊರಿನ ಪಡುವಕೇರಿಯ 'ಹಲರು', ಮೂಡಕೇರಿಯ 'ಹಲರು' ಎಂಬ ಮಾತು ಬರುತ್ತದೆ. ಹಲರು ಎಂದರೆ ಹಲವರು, ಊರ ಮಂದಿ. ಎಷ್ಟು ಸರಳವಾದ ಹೆಸರು! ಸಮಿತಿಯಲ್ಲ, ಪ್ರಾಧಿಕಾರವಲ್ಲ, ಮಂಡಳಿಯಲ್ಲ, ಹಲರು. ದತ್ತಿಗಳಿಗೆ ಸಾಕ್ಷಿಯಾಗಿ, ಅವುಗಳನ್ನು ನಡೆಸುವ ಹೊಣೆಗಾರರಾಗಿ ಅವರು ಕಾಣಿಸುತ್ತಾರೆ. ಅವರ ಜೊತೆಯಲ್ಲಿಯೇ 'ನಖರ', 'ಹಂಜಮಾನ' ಎಂಬ ವರ್ತಕರ ಕೂಟಗಳೂ ಕರಾವಳಿಯ ಶಾಸನಗಳಲ್ಲಿ ಬರುತ್ತವೆ. ಹಂಜಮಾನವೆಂಬುದು ಪಾರಸಿಯ ಅಂಜುಮನ್. ಕಡಲಾಚೆಯಿಂದ ಬಂದ ವರ್ತಕರೂ ಊರಿನ ವ್ಯವಹಾರದಲ್ಲಿ ಹೆಸರಿಟ್ಟುಕೊಂಡು ಕೂಡುತ್ತಿದ್ದರೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ನಿಜ, ಆ ಹಲರಲ್ಲಿ ಬಲೆ ಬೀಸುವವನಿರಲಿಲ್ಲ, ಮೀನುಬುಟ್ಟಿ ಹೊತ್ತವಳಂತೂ ಇರಲೇ ಇಲ್ಲ. ಉಳ್ಳವರ ಕೂಟ ಅದು. ಇಂದಿನ ಪಂಚಾಯತಿನಲ್ಲಿ ಅವಳು ಅಧ್ಯಕ್ಷೆಯಾಗಿ ಕುಳಿತಿದ್ದಾಳೆ. ಆದರೆ ಅಂದಿನ ಹಲರ ಕೈಯಲ್ಲಿದ್ದ ಊರಿನ ಹೊಣೆಯಲ್ಲಿ ಬಂದರಿನ ಪಾಲು ಮಾತ್ರ ಅವಳ ಕೈಗೆ ಬಂದಿಲ್ಲ.

ಬೇರೆ ದೇಶಗಳಲ್ಲಿ ಇದು ಹೀಗೆಯೇ ಇರಬೇಕೆಂದಿಲ್ಲ. ಜರ್ಮನಿಯ ಹ್ಯಾಂಬರ್ಗಿನ ಮಹಾಬಂದರು ಆ ನಗರದ ಸ್ವಂತ ಸೊತ್ತು. ಬ್ರಿಟನ್ನಿನಲ್ಲಿ ಪುರಸಭೆಗಳ ಒಡೆತನದ ಸಣ್ಣ ಬಂದರುಗಳು ಹಲವಿವೆ. ನಮಗೆ ಬಂದರುಗಳ ಕಾಯಿದೆಯನ್ನು ಮಾಡಿಕೊಟ್ಟವರು ಈ ಪದ್ಧತಿಯನ್ನು ಮಾತ್ರ ತಮ್ಮ ಮನೆಯಲ್ಲಿಯೇ ಉಳಿಸಿಕೊಂಡರು.

ಪಂಚಾಯತಿಗೆ ಇಡೀ ಬಂದರನ್ನು ಒಪ್ಪಿಸಿಬಿಡಬೇಕೆಂದು ನಾನು ವಾದಿಸುವುದಿಲ್ಲ. ಹೂಳೆತ್ತುವ ಯಂತ್ರಕ್ಕೂ ಅಲೆತಡೆಗೂ ಬೇಕಾದ ಹಣ ಪಂಚಾಯತಿನ ಕನಸಿನಲ್ಲಿಯೂ ಬಾರದು. ಪಂಚಗಂಗಾವಳಿಯ ಅಳಿವೆಯನ್ನು ನೋಡಿ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳ ಮಣ್ಣು ಗಂಗೊಳ್ಳಿಯ ಬಾಯಿಗೆ ಬಂದು ಬೀಳುತ್ತದೆ. ಆ ಮಣ್ಣಿನ ಜೊತೆ ಒಂದು ಗ್ರಾಮ ಪಂಚಾಯತು ಸೆಣಸಲಾರದು. ಸ್ಥಳೀಯರು ಎಂದರೆಲ್ಲ ಒಂದೇ ಮನಸ್ಸಿನವರು ಎಂಬುದೂ ಭ್ರಮೆಯೇ. ದೊಡ್ಡ ದೋಣಿಯವರಿಗೂ ನಾಡದೋಣಿಯವರಿಗೂ ಧಕ್ಕೆಯ ಜಾಗಕ್ಕಾಗಿ ನಡೆಯುವ ಜಗಳವನ್ನು ನಾನು ಬಲ್ಲೆ. ಸದಸ್ಯನ ಬಾವನ ಮಂಜುಗಡ್ಡೆಯ ಕಾರ್ಖಾನೆಗೆ ಮೊದಲು ನೀರು ಹೋಗುವುದನ್ನೂ ಬಲ್ಲೆ. ನಾನು ಕೇಳುವುದು ಒಡೆತನವನ್ನಲ್ಲ, ನೋಡುವ ಹಕ್ಕನ್ನು. ಬಂದರಿನ ಲೆಕ್ಕದ ಸಾರಾಂಶ ಕನ್ನಡದಲ್ಲಿ ಗ್ರಾಮಸಭೆಗೆ ಬರಲಿ. ಮಳೆಗಾಲ ಮುಗಿದ ಕೂಡಲೇ ಅಧಿಕಾರಿಯೂ ತಂಡೇಲರೂ ಪಂಚಾಯತಿನವರೂ ಒಂದೇ ದೋಣಿಯಲ್ಲಿ ಕುಳಿತು ಕಾಲುವೆಯ ಆಳವನ್ನು ಕೋಲಿನಿಂದ ಅಳೆದು ಬರಲಿ. ಮುಳುಗಿದ್ದು, ಮುರಿದದ್ದು, ಆರಿದ ದೀಪ ಇವನ್ನು ಪಂಚಾಯತು ಬರೆದು ಕೊಟ್ಟರೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಲೇಬೇಕೆಂಬ ನಿಯಮವಿರಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಊರಿನವರ ಅಭಿಪ್ರಾಯ ಕೇಳುವ ಪದ್ಧತಿ ಈಗ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಹೊಸ ದೊಡ್ಡ ಯೋಜನೆ ಬರುವಾಗ ಒಮ್ಮೆ. ಪರಿಸರದ ಪರಿಣಾಮ ಕುರಿತ 2006ರ ಅಧಿಸೂಚನೆಯಂತೆ ವರದಿಯ ಪ್ರತಿ ಪಂಚಾಯತುಗಳಿಗೂ ಬರಬೇಕು, ಸಾರಾಂಶ ಜನರ ಭಾಷೆಯಲ್ಲಿರಬೇಕು, ಸಾ��್ವಜನಿಕ ಅಹವಾಲು ನಡೆಯಬೇಕು. ಹೊನ್ನಾವರದ ಎದುರು ದಡದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ಯೋಜನೆಗೆ ಮೀನುಗಾರರು ವರ್ಷಾನುವರ್ಷ ಬೀದಿಯಲ್ಲಿ ನಿಂತು ಎದುರಾಡಿದ್ದನ್ನು ನೋಡಿದರೆ ಆ ಒಂದು ದಿನದ ಅಹವಾಲಿನಿಂದ ಮನಸ್ಸು ಸಮಾಧಾನಗೊಳ್ಳುವುದಿಲ್ಲವೆಂಬುದು ತಿಳಿಯುತ್ತದೆ. ಬಂದರು ಹುಟ್ಟುವಾಗ ಒಂದು ದಿನ ಕೇಳಿದರೆ ಸಾಲದು. ಅದು ಬದುಕಿರುವ ಎಲ್ಲ ದಿನಗಳಲ್ಲಿಯೂ ಕೇಳುತ್ತಿರಬೇಕಾಗುತ್ತದೆ. 2025ರ ಹೊಸ ಕಾಯಿದೆ ರಾಜ್ಯಗಳ ಮಂಡಳಿಗಳಿಗೆ ಶಾಸನದ ಬಲ ಕೊಡುತ್ತದೆ, ಕೇಂದ್ರ ಮತ್ತು ಕರಾವಳಿಯ ರಾಜ್ಯಗಳು ಕೂಡಿ ಆಲೋಚಿಸಲು ಒಂದು ಪರಿಷತ್ತನ್ನು ಏರ್ಪಡಿಸುತ್ತದೆ, ವ್ಯಾಜ್ಯಗಳಿಗೆ ಸಮಿತಿಗಳನ್ನು ಹೇಳುತ್ತದೆ. ಅದರ ದೃಷ್ಟಿ ಇರುವುದು ದೆಹಲಿ ಬೆಂಗಳೂರುಗಳ ನಡುವಿನ ಹೊಂದಾಣಿಕೆಯ ಮೇಲೆ. ಬೆಂಗಳೂರಿಗೂ ಅಳಿವೆಗೂ ನಡುವಿನ ಹೊಂದಾಣಿಕೆಯನ್ನು ರಾಜ್ಯವೇ ಮನಸ್ಸು ಮಾಡಿ ಕಟ್ಟಬೇಕು.

ನಮ್ಮ ಊರಿನ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಆ ವರ್ಷ ದಸರೆ ಕಳೆದರೂ ಮುಳುಗಿದ ಒಡಲು ಹಾಗೆಯೇ ಇತ್ತು. ಮೀನುಗಾರರು ಅದರ ಸುತ್ತ ಬಿದಿರಿನ ಗಳು ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಹಗಲಿಗೆ ಅದು ಸಾಕು. ದೋಣಿ ಹೊರಡುವುದು ಕತ್ತಲಲ್ಲಿ. ಡಿಸೆಂಬರಿನ ಒಂದು ಸಭೆಯಲ್ಲಿ ಅಧ್ಯಕ್ಷೆ, ಏನಾದರಾಗಲಿ ಎಂದು, ಬಿಸಿಲಿನಿಂದ ಉರಿಯುವ ಮಿನುಗುದೀಪವೊಂದನ್ನು ಪಂಚಾಯತಿನ ಹಣದಿಂದ ಕೊಳ್ಳುವ ನಿರ್ಣಯ ಮಾಡಿಸಿದರು. ಖರ್ಚನ್ನು ಬರೆಯಲು ಕಾಲಮ್ಮು ಬೇಕಲ್ಲ? 'ಬೀದಿದೀಪ ನಿರ್ವಹಣೆ' ಎಂಬ ಬಾಬಿನಲ್ಲಿ ಬರೆದರು. ಎರಡು ಖಾಲಿ ಪೀಪಾಯಿಗಳನ್ನು ಜೋಡಿಸಿ, ಅದರ ಮೇಲೆ ದೀಪ ನಿಲ್ಲಿಸಿ, ಕಲ್ಲಿನ ಲಂಗರು ಇಳಿಸಿ ಯುವಕರು ಅದನ್ನು ಕಟ್ಟಿದರು. ಎಲ್ಲಿ ಕಟ್ಟಬೇಕೆಂದು ತೋರಿಸಿದವರು ಆ ಮುದುಕ ತಂಡೇಲರು. ಅದು ಉರಿಯಲಾರಂಭಿಸಿದ ಮೇಲೆ ಅಲ್ಲಿ ಯಾವ ದೋಣಿಯೂ ಬಡಿದಿಲ್ಲ.

2021ರಲ್ಲಿ ಲೆಕ್ಕಪರಿಶೋಧನೆಯವರು ಬಂದರು. ಅವರ ವರದಿಯಲ್ಲಿ ಒಂದು ಕಂಡಿಕೆ: ಬೀದಿದೀಪದ ಬಾಬಿನಲ್ಲಿ ಖರೀದಿಸಿದ ಸದರಿ ದೀಪವನ್ನು ಗ್ರಾಮದ ಯಾವ ಬೀದಿಯಲ್ಲಿ ಅಳವಡಿಸಲಾಗಿದೆ ಎಂಬುದನ್ನು ದಾಖಲೆ ಸಹಿತ ಸ್ಪಷ್ಟಪಡಿಸುವುದು, ತಪ್ಪಿದಲ್ಲಿ ಮೊಬಲಗನ್ನು ಅಧ್ಯಕ್ಷರಿಂದ ಮತ್ತು ಕಾರ್ಯದರ್ಶಿಯಿಂದ ವಸೂಲು ಮಾಡುವುದು. ಲೆಕ್ಕಪರಿಶೋಧಕರನ್ನು ಹಳಿಯಲಾರೆ. ನೀರಿನ ಮೇಲಿನ ದೀಪವೆಂದರೆ ಆಟವಲ್ಲ; ಸಿಕ್ಕಸಿಕ್ಕವರು ಸಿಕ್ಕಸಿಕ್ಕಲ್ಲಿ ದೀಪ ಇಟ್ಟರೆ ಅದನ್ನು ನಂಬಿ ಬರುವ ದೋಣಿ ಬಂಡೆಗೆ ಹೋಗಿ ಬಡಿಯುತ್ತದೆ. ದೀಪಸ್ತಂಭಗಳಿಗೆ 1927ರಿಂದಲೇ ಪ್ರತ್ಯೇಕ ಕಾಯಿದೆಯಿದ್ದದ್ದು, 2021ರಲ್ಲಿ ಅದರ ಬದಲಿಗೆ ಹೊಸದನ್ನು ಮಾಡಿದ್ದು ಇದಕ್ಕಾಗಿಯೇ. ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ. ಕೇಳಬೇಕಾಗಿದ್ದ ವಿಳಾಸ ಬೇರೆ ಇತ್ತು.

ಅಧ್ಯಕ್ಷೆ ಆ ಕಾಗದವನ್ನು ಹಿಡಿದು ನನ್ನ ಮನೆಗೆ ಬಂದರು. "ಮಾಷ್ಟ್ರೇ, ಇದಕ್ಕ್ ಒಂದ್ ಉತ್ರ ಬರ್ದ್ ಕೊಡಿ, ನೀವ್ ಕನ್ನಡ ಓದ್ದವ್ರ್" ಎಂದರು. ಬದುಕಿನಲ್ಲಿ ಎಷ್ಟೋ ಮುನ್ನುಡಿಗಳನ್ನು ಬರೆದುಕೊಟ್ಟಿದ್ದೇನೆ. ಅಷ್ಟು ಕಾಳಜಿಯಿಂದ ಯಾವುದನ್ನೂ ಬರೆದಿರಲಿಲ್ಲ. ಮೂರು ರಾತ್ರಿ ಕುಳಿತು ಹೀಗೆ ಬರೆದೆ: ಸಂವಿಧಾನದ ಹನ್ನೊಂದನೆಯ ಅನುಸೂಚಿಯ ಹದಿಮೂರನೆಯ ಬಾಬು 'ಜಲಮಾರ್ಗ'ವನ್ನು ಪಂಚಾಯತಿಗೆ ವಹಿಸಬಹುದಾದ ವಿಷಯವೆಂದು ಎಣಿಸಿದೆ; ಮಾರ್ಗ ಎಂಬ ಸಂಸ್ಕೃತ ಶಬ್ದಕ್ಕೆ ಕನ್ನಡದಲ್ಲಿ ದಾರಿ, ಹಾದಿ, ಬೀದಿ ಎಂದು ಅರ್ಥವಿರುತ್ತದೆ; ಸದರಿ ದೀಪವನ್ನು ಗ್ರಾಮದ ನಾಡದೋಣಿಗಳು ನಿತ್ಯವೂ ಸಂಚರಿಸುವ ಬೀದಿಯಲ್ಲಿ ಅಳವಡಿಸಲಾಗಿದೆ; ಸದರಿ ಬೀದಿಯಲ್ಲಿ 2019ರಲ್ಲಿ ಒಬ್ಬ ವ್ಯಕ್ತಿ ಮೃತಪಟ್ಟಿರುವ ದಾಖಲೆಯನ್ನು ಇದರೊಂದಿಗೆ ಲಗತ್ತಿಸಿದೆ.

ಲಗತ್ತಿಸುವ ಕಾಗದವನ್ನು ಆ ಹುಡುಗನ ಅಕ್ಕನಿಂದ ಕೇಳಿ ತಂದೆ. ಅವಳು ಒಳಗೆ ಹೋಗಿ, ಪ್ಲಾಸ್ಟಿಕ್ಕಿನ ಚೀಲದಲ್ಲಿ ಮಡಿಸಿಟ್ಟಿದ್ದ ಮರಣಪತ್ರದ ಪ್ರತಿಯನ್ನು ತಂದು ಕೊಟ್ಟಳು. ಏನೂ ಕೇಳಲಿಲ್ಲ.

ಉತ್ತರ ಹೋಯಿತು. ಮುಂದಿನ ವರ್ಷದ ವರದಿಯಲ್ಲಿ ಆ ಕಂಡಿಕೆಯ ಎದುರು 'ವಿವರಣೆಯನ್ನು ಗಮನಿಸಿದೆ, ಆಕ್ಷೇಪಣೆಯನ್ನು ಮುಂದುವರಿಸಿದೆ' ಎಂದು ಬರೆದಿತ್ತು. ಅದರ ಮುಂದಿನ ವರ್ಷವೂ ಹಾಗೆಯೇ. ಮುಳುಗಿದ ದೋಣಿಯ ಒಡಲು ಎರಡು ಮಳೆಗಾಲದ ನೆರೆಗೆ ತಾನೇ ಒಡೆದು ಕಡಲಿಗೆ ಹೋಯಿತು. ದೀಪವನ್ನು ಮಾತ್ರ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಅಳಿವೆಯ ಹೊಸ ಬಾಯನ್ನು ನೋಡಿಕೊಂಡು ಸ್ವಲ್ಪ ಆಚೆಗೋ ಈಚೆಗೋ ಸರಿಸಿ ಕಟ್ಟುತ್ತಾರೆ. ಈ ಸಲ ಕಟ್ಟುವಾಗ ನಾನೂ ದೋಣಿಯಲ್ಲಿದ್ದೆ. ತಂಡೇಲರಿಗೆ ಈಗ ಕಣ್ಣು ಕಾಣುವುದು ಕಡಿಮೆ. ಕೋಲನ್ನು ನೀರಿಗೆ ಇಳಿಸಿ, ತಳದ ಮರಳನ್ನು ಕೈಯಲ್ಲಿ ತಿಳಿದು, "ಇಲ್ಲೇ" ಎಂದರು.